ಸೈನ್ಯಕ್ಕೆ ಹೊರಟವರ ಕೈಗೆ ಏನಿಡುವುದು?

ಅಕ್ಕನ ಮಗಳು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಆಯ್ಕೆಯಾದಳು ಎಂಬ ಸುದ್ದಿ ಬಂದ ದಿನದಿಂದ ನಮ್ಮ ಪುಣೆಯ ಮನೆಯಲ್ಲಿ ಒಂದೇ ಚರ್ಚೆ: ಅವಳಿಗೆ ಏನು ಕೊಡುವುದು? ಅತ್ತೆಯವರು ಬಂಗಾರದ ಸರ ಅಂದರು. ನಮ್ಮ ಯಜಮಾನರು ಸ್ಮಾರ್ಟ್ ವಾಚ್ ಅಂದರು. ನಾನು ಆಫೀಸಿನ ಊಟದ ಬಿಡುವಿನಲ್ಲಿ ಆನ್‌ಲೈನ್ ಅಂಗಡಿಗಳನ್ನೆಲ್ಲ ಜಾಲಾಡಿದೆ. ಸಿಕ್ಕಿದ್ದು ಬಂದೂಕಿನ ಚಿತ್ರವಿರುವ ಚಹಾ ಮಗ್ಗುಗಳು! ಕೊನೆಗೆ ಅವಳಿಗೇ ಫೋನ್ ಮಾಡಿದರೆ, "ಮೌಶಿ, ದೊಡ್ಡದೇನೂ ತರಬ್ಯಾಡ. ಟ್ರಂಕಿನ್ಯಾಗ ಜಾಗಾ ಇಲ್ಲ. ಬಂಗಾರ ಅಂತೂ ಬ್ಯಾಡೇ ಬ್ಯಾಡ" ಅಂದಳು.

ಬೇಕಾದ್ದೇನು ಎಂದು ತಿಳಿಯದೆ ಕೋಡ್ ಬರೆಯಲು ಕೂರಬಾರದು ಎಂದು ನಮ್ಮ ಟೀಮಿನ ಹೊಸ ಹುಡುಗರಿಗೆ ನಾನೇ ಹೇಳುತ್ತಿರುತ್ತೇನೆ. ಹಾಗಾಗಿ ಹಿಂದಿನವರು ಏನು ಕೊಡುತ್ತಿದ್ದರು ಎಂದು ಓದಲು ಕುಳಿತೆ. ಉಡುಗೊರೆ ಹುಡುಕಲು ಹೋದವಳು ಇತಿಹಾಸದಲ್ಲಿ ಸಿಕ್ಕಿಬಿದ್ದೆ.

ಮೊದಲು ಸಿಕ್ಕಿದ್ದು ಒಂದು ಹಿತ್ತಾಳೆ ಡಬ್ಬಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನ ರಾಜಕುಮಾರಿ ಮೇರಿಗೆ 17 ವರ್ಷ. ರಣರಂಗದಲ್ಲಿರುವ ಪ್ರತಿಯೊಬ್ಬನಿಗೂ ಕ್ರಿಸ್‌ಮಸ್‌ಗೆ ತನ್ನ ಸ್ವಂತ ಹಣದಿಂದಲೇ ಏನಾದರೂ ಕಳಿಸಬೇಕೆಂದು ಅವಳ ಆಸೆ. ಅದು ಆಗದ ಮಾತು ಎಂದು ಹಿರಿಯರು ತಿಳಿಹೇಳಿ, ಅವಳ ಹೆಸರಿನಲ್ಲಿ ಸಾರ್ವಜನಿಕ ನಿಧಿ ತೆರೆದರು. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ. ಒಳಗೆ ತಂಬಾಕು, ಸಿಗರೇಟು, ಶುಭಾಶಯದ ಕಾರ್ಡು, ರಾಜಕುಮಾರಿಯ ಫೋಟೋ. ಆ ಕ್ರಿಸ್‌ಮಸ್‌ಗೇ 4 ಲಕ್ಷಕ್ಕಿಂತ ಹೆಚ್ಚು ಡಬ್ಬಿ ಹಂಚಿದರು.

ನನಗೆ ಇಷ್ಟವಾದದ್ದು ಅದರ ಹಿಂದಿನ ಲೆಕ್ಕಾಚಾರ. ಸಿಗರೇಟು ಸೇದದವರಿಗೆ ಬೇರೆ ಡಬ್ಬಿ: ಹುಳಿಮಿಠಾಯಿ, ಗುಂಡಿನಾಕಾರದ ಪೆನ್ಸಿಲ್, ಪತ್ರ ಬರೆಯುವ ಸಾಮಗ್ರಿ. ಫ್ರಾನ್ಸಿನ ಚಳಿಯಲ್ಲಿ ಆಗ ನಮ್ಮ ದೇಶದ ಸಾವಿರಾರು ಸಿಪಾಯಿಗಳೂ ಇದ್ದರಲ್ಲ, ಅವರನ್ನೂ ಮರೆಯಲಿಲ್ಲ. ಸಿಖ್ಖರು ತಂಬಾಕು ಮುಟ್ಟುವುದಿಲ್ಲವೆಂದು ಅವರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆ ಸಾಮಾನಿನ ಪುಟ್ಟ ಡಬ್ಬಿ. ಗೂರ್ಖಾಗಳಿಗೆ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೇ. ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ. ನೀರು ಹೊರುವ ಭಿಸ್ತಿಗಳು ಮತ್ತಿತರ ಸೇವಕರಿಗೆ ಮಾತ್ರ ಬರೀ ಮಸಾಲೆ ಮತ್ತು ಕಾರ್ಡು. ಉಡುಗೊರೆಯಲ್ಲೂ ಪಂಕ್ತಿಭೇದ ಬಿಡಲಿಲ್ಲ ನೋಡಿ. ಆದರೂ ಊರಿನಿಂದ ಅಷ್ಟು ದೂರದಲ್ಲಿ, ಕಂದಕದ ಕೆಸರಿನಲ್ಲಿ ಕುಳಿತು ಆ ಡಬ್ಬಿಯ ಮುಚ್ಚಳ ತೆಗೆದವನ ಮೂಗಿಗೆ ಬಂದ ವಾಸನೆ ಯಾವುದಿದ್ದೀತು ಎಂದು ಯೋಚಿಸುತ್ತೇನೆ.

ಯಜಮಾನರ ಸ್ಮಾರ್ಟ್ ವಾಚಿಗೂ ಹಳೆಯ ವಂಶವೃಕ್ಷವಿದೆ. ಆ ಯುದ್ಧಕ್ಕೆ ಮೊದಲು ಯುರೋಪಿನಲ್ಲಿ ಕೈಗಡಿಯಾರ ಅಂದರೆ ಹೆಂಗಸರ ಆಭರಣ. ಗಂಡಸಿನ ಗಡಿಯಾರ ಜೇಬಿನಲ್ಲಿ ಇರಬೇಕು. ಆದರೆ ಎರಡೂ ಕೈಯಲ್ಲಿ ಕೆಲಸವಿರುವಾಗ, ನಿಮಿಷ ತಪ್ಪಿದರೆ ನಮ್ಮ ಫಿರಂಗಿಯ ಗುಂಡೇ ನಮ್ಮ ಮೇಲೆ ಬೀಳುವಾಗ, ಜೇಬಿಗೆ ಕೈ ಹಾಕುತ್ತ ನಿಲ್ಲಲು ಆಗುತ್ತದೆಯೇ? ಹೆಂಗಸರ ಬಳೆಯ ಜಾಗಕ್ಕೆ ಗಂಡಸರ ಗಡಿಯಾರ ಬಂತು. ಯುದ್ಧಕ್ಕೆ ಹೊರಟ ಮಗನಿಗೆ, ತಮ್ಮನಿಗೆ ಕೊಡುವ ಮೆಚ್ಚಿನ ಉಡುಗೊರೆಯೂ ಅದೇ ಆಯಿತು.

ಕತ್ತಲಲ್ಲಿ ಕಾಣಲೆಂದು ಅಂಥ ಗಡಿಯಾರಗಳ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಈ ಕೆಲಸ ಮಾಡಿದವರು ಎಳೆಯ ಹುಡುಗಿಯರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟುಕೊಳ್ಳಲು ಅವರಿಗೆ ಕಲಿಸಲಾಗಿತ್ತು. ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಕೆಲವು ವರ್ಷಗಳಲ್ಲಿ ಹಲ್ಲು ಬಿದ್ದವು, ದವಡೆಯ ಮೂಳೆ ಕೊಳೆಯಿತು, ಒಬ್ಬೊಬ್ಬರಾಗಿ ಸತ್ತರು. ಗ್ರೇಸ್ ಫ್ರೈಯರ್ ಎಂಬಾಕೆ ಮೊಕದ್ದಮೆ ಹೂಡಲು ವಕೀಲರನ್ನು ಹುಡುಕುತ್ತಲೇ ಎರಡು ವರ್ಷ ಕಳೆದಳು. 1928ರಲ್ಲಿ ಐವರು ಹೆಣ್ಣುಮಕ್ಕಳಿಗೆ ಪರಿಹಾರ ಸಿಕ್ಕಿತು. ಗ್ರೇಸ್ 1933ರಲ್ಲಿ ತೀರಿಕೊಂಡಳು. ಸೈನಿಕನ ಮಣಿಕಟ್ಟಿನಲ್ಲಿ ಮಿನುಗುತ್ತಿದ್ದದ್ದು ಯಾರ ಆಯುಷ್ಯ ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ಕಟ್ಟಿಕೊಂಡವನಿಗೂ ಗೊತ್ತಿರಲಿಲ್ಲ.

ಜಪಾನಿನ ಕಥೆ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಅಲ್ಲಿ ಸೈನಿಕನಿಗೆ ಕೊಡುತ್ತಿದ್ದದ್ದು 'ಸೆನ್ನಿನ್‌ಬರಿ', ಅಂದರೆ ಸಾವಿರ ಜನರ ಹೊಲಿಗೆ. ಸೊಂಟಕ್ಕೆ ಸುತ್ತುವ ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದ ಸಾವಿರ ಗಂಟು. ಒಂದೊಂದು ಗಂಟನ್ನು ಒಬ್ಬೊಬ್ಬ ಹೆಂಗಸು ಹಾಕಬೇಕು. 1894-95ರ ಚೀನಾ ಯುದ್ಧದ ಕಾಲಕ್ಕೆ ಶುರುವಾದ ಈ ಪದ್ಧತಿ 1930ರ ದಶಕದಲ್ಲಿ ದೇಶವೆಲ್ಲ ಹಬ್ಬಿತು. ತಾಯಿ, ಹೆಂಡತಿ, ಅಕ್ಕತಂಗಿಯರು ಬಟ್ಟೆ ಹಿಡಿದು ರೈಲು ನಿಲ್ದಾಣದ ಮುಂದೆ, ಬೀದಿ ಮೂಲೆಯಲ್ಲಿ ನಿಂತು, ಹೋಗಿಬರುವ ಅಪರಿಚಿತ ಹೆಂಗಸರನ್ನು 'ಒಂದು ಗಂಟು ಹಾಕಿ' ಎಂದು ಕೇಳುತ್ತಿದ್ದರು. ಹುಲಿ ವರ್ಷದಲ್ಲಿ ಹುಟ್ಟಿದವಳು ಸಿಕ್ಕರೆ ಅದೃಷ್ಟ. ಅವಳು ತನ್ನ ವಯಸ್ಸಿನಷ್ಟು ಗಂಟು ಹಾಕಬಹುದು. ಹುಲಿ ಎಷ್ಟು ದೂರ ಹೋದರೂ ತಿರುಗಿ ಬರುತ್ತದೆಂದು ನಂಬಿಕೆ. ಕೆಲವರು 5 ಸೆನ್‌ನ ನಾಣ್ಯವನ್ನೂ ಸೇರಿಸಿ ಹೊಲಿಯುತ್ತಿದ್ದರು. ಜಪಾನಿಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರ. ಐದು ಅಂದರೆ ಸಾವನ್ನು ದಾಟಿದ್ದು.

ಬಾಯಿ ಬಿಟ್ಟು 'ಬದುಕಿ ಬಾ' ಎನ್ನಲು ಅಲ್ಲಿ ಅವಕಾಶವಿರಲಿಲ್ಲ. ಚಕ್ರವರ್ತಿಗಾಗಿ ಪ್ರಾಣ ಕೊಡುವುದೇ ಗೌರವ ಎಂದು ಸಾರುತ್ತಿದ್ದ ಕಾಲ. ಸರ್ಕಾರದ ಬೆಂಬಲವಿದ್ದ ಮಹಿಳಾ ಸಂಘಗಳೇ ಮುಂದೆ ನಿಂತು ಈ ಬಟ್ಟೆಗಳನ್ನು ಹೊಲಿಸುತ್ತಿದ್ದವು. ನಾವೂ ಒಂದು ಮಹಿಳಾ ವೇದಿಕೆಯವರೇ ಅಲ್ಲವೇ, ಅದಕ್ಕೇ ಇದು ನನ್ನನ್ನು ಚುಚ್ಚಿತು. ಒಳ್ಳೆಯ ಮನಸ್ಸಿನ ಕೈಗಳು ಕೆಟ್ಟ ಯುದ್ಧಕ್ಕೂ ಸೂಜಿ ಹಿಡಿಯುತ್ತವೆ. ಇನ್ನು ಸೈನಿಕರ ಅನುಭವ ಕೇಳಿದರೆ, ಆ ಗಂಟುಗಳ ನಡುವೆ ಹೇನು ಮನೆ ಮಾಡುತ್ತಿತ್ತಂತೆ!

ಇದೇ ಬಟ್ಟೆ ಶತ್ರುವಿನ ಪಾಳೆಯದಲ್ಲೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ನೆಲದ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅಂಥ ಶಿಬಿರಗಳಿಂದಲೂ ಹುಡುಗರು ಅಮೆರಿಕದ ಸೈನ್ಯ ಸೇರಿದರು. ಒಳಗಿದ್ದ ಕೆಲವು ತಾಯಂದಿರು ಅಲ್ಲಿನ ಹೆಂಗಸರಿಂದಲೇ ಗಂಟು ಹಾಕಿಸಿ, ತಮ್ಮನ್ನು ಬಂಧಿಸಿದ ದೇಶಕ್ಕಾಗಿ ಹೋರಾಡಲು ಹೊರಟ ಮಗನ ಸೊಂಟಕ್ಕೆ ಕೊಟ್ಟರು.

ನಮ್ಮಲ್ಲಿ 1962ರ ಚೀನಾ ಯುದ್ಧದಲ್ಲಿ ಹೆಂಗಸರು ರಕ್ಷಣಾ ನಿಧಿಗೆ ಬಳೆ ಬಿಚ್ಚಿ ಕೊಟ್ಟದ್ದು, ಸೈನಿಕರಿಗೆ ಸ್ವೆಟರ್ ಹೆಣೆದದ್ದು ಹಿರಿಯರಿಗೆಲ್ಲ ನೆನಪಿದೆ. ಧಾರವಾಡದಲ್ಲಿ ನಮ್ಮಜ್ಜಿಯೂ ಒಂದು ಹೆಣೆದಿದ್ದರಂತೆ. "ತೋಳು ಒಂದು ಗಿಡ್ಡ ಆಗಿತ್ತು, ಹಾಕ್ಕೊಂಡಾಂವ ಏನಂದನೋ" ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಹೀಗೆ ಕೊಡುವವರು ಹೆಂಗಸರು, ಹೊರಡುವವರು ಗಂಡಸರು ಎಂಬುದೇ ಲೆಕ್ಕವಾಗಿತ್ತು. ವೈದ್ಯಕೀಯ ಮತ್ತು ನರ್ಸಿಂಗ್ ವಿಭಾಗ ಬಿಟ್ಟರೆ ನಮ್ಮ ಸೈನ್ಯ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದು 1992ರಲ್ಲಿ. ಖಡಕ್‌ವಾಸ್ಲಾದ ಬಾಗಿಲು ತೆರೆಯಲು 2021ರ ಸುಪ್ರೀಂ ಕೋರ್ಟ್ ಆದೇಶವೇ ಬೇಕಾಯಿತು. 2025ರ ಮೇ 30ರಂದು ಮೊದಲ ತಂಡದ 17 ಹುಡುಗಿಯರು ಅಲ್ಲಿಂದ ಹೊರಬಂದರು. ಟಿವಿಯಲ್ಲಿ ಆ ಪರೇಡ್ ನೋಡಿಯೇ ನಮ್ಮ ಹುಡುಗಿಯ ತಲೆಗೆ ಇದು ಹೊಕ್ಕಿದ್ದು.

ಕೊನೆಗೆ ನಾನು ಕೊಟ್ಟದ್ದು ಏನು ಅಂತೀರಾ? ಹಿಂದಿನ ಬ್ರಿಟಿಷ್ ಸೈನಿಕರ ಚೀಲದಲ್ಲಿ ಸೂಜಿ, ದಾರ, ಗುಂಡಿ ಸುತ್ತಿಟ್ಟ ಒಂದು ಬಟ್ಟೆ ಸುರುಳಿ ಇರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು 'ಹೌಸ್‌ವೈಫ್'! ಹೆಸರು ಕೇಳಿ ಮೊದಲು ಸಿಟ್ಟು ಬಂತು, ಆಮೇಲೆ ನಗು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣದ ತುಂಡಿನಲ್ಲಿ ಅಂಥದ್ದೊಂದನ್ನು ಹೊಲಿದೆ. ಆರು ಸೂಜಿ, ಬಿಳಿ, ಕಪ್ಪು, ಖಾಕಿ ದಾರ, ಒಂದು ಹಿಡಿ ಗುಂಡಿ, ಎರಡು ಪಿನ್ನು. ಎಂ.ಟೆಕ್ ಓದಿದ ಮೇಲೂ ನನ್ನ ಹೊಲಿಗೆ ಸೊಟ್ಟವೇ. ಅತ್ತೆಯವರು ಒಂದು ಅಂಚು ಹಾಕಿದರು, ಅಕ್ಕ ಇನ್ನೊಂದು, ಪಕ್ಕದ ಮನೆಯ ಮರಾಠಿ ಕಾಕೂ ಕಟ್ಟುವ ದಾರ ಹೊಲಿದರು.

ಹೋಗಿ ಕೆಲವು ವಾರಗಳಾದ ಮೇಲೆ ಅವಳ ಫೋನ್ ಬಂತು. ಮಾತಾಡಲು ಕೆಲವೇ ನಿಮಿಷ, ಅದರಲ್ಲಿ ಅರ್ಧ ಅಕ್ಕನ ಅಳುವಿಗೇ ಹೋಯಿತು. ಕೊನೆಗೆ ನನಗೆ ಹೇಳಿದ್ದು ಇಷ್ಟು: "ಮೌಶಿ, ಬಿಳಿ ದಾರ ಮುಗದದ. ಎಲ್ಲಾರೂ ನಂದs ಇಸ್ಕೊಂಡ್ ಹೋಗ್ತಾರ. ಮುಂದಿನ ಸಲ ಬರೂವಾಗ ಎರಡು ಉಂಡಿ ತಗೊಂಡ್ ಬಾ."