ಕೇಳುವವರಿಲ್ಲದ ಖಾತೆ

ನಾನು ಮೊಟ್ಟಮೊದಲು ಟಿ.ವಿ. ನೋಡಿದ್ದು 1975ರಲ್ಲಿ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ. ಆಗ ನನಗೆ ಹದಿಮೂರು ವರ್ಷ. ನಮ್ಮೂರಿಗೆ ಅದು ಬಂದಿರಲಿಲ್ಲ. ಮೂರು ಮೈಲಿ ನಡೆದು ಸೋದರತ್ತೆಯ ಊರಿಗೆ ಹೋಗಬೇಕಿತ್ತು. ಶಾಲೆಯ ಮಗ್ಗುಲಿಗೆ, ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯ ದೊಡ್ಡ ಛತ್ರಿಯೊಂದನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ಸಂಜೆಯಾದರೆ ಊರಿಗೆ ಊರೇ ಅದರ ಮುಂದೆ ಕೂಡುತ್ತಿತ್ತು. ಪೆಟ್ಟಿಗೆಯೊಳಗಿನ ಮನುಷ್ಯ ಕನ್ನಡದಲ್ಲಿ ಬೆಳೆಯ ಮಾತಾಡುತ್ತಿದ್ದ.

"ಇದು ಎಲ್ಲಿಂದ ಬರ್ತದ್ರೀ ಸರ?" ಎಂದು ಮಾಸ್ತರರನ್ನು ಕೇಳಿದೆ.

"ಅಹಮದಾಬಾದಿನಿಂದ ಮ್ಯಾಲೆ ಹೋಗ್ತದ, ಮ್ಯಾಲಿಂದ ಇಲ್ಲಿ ಇಳೀತದ."

ಅಹಮದಾಬಾದ್ ಎಂಬ ಹೆಸರು ಹಾಗೆ ನನ್ನ ಕಿವಿಗೆ ಬಿತ್ತು. ಅದು 'ಸೈಟ್' ಎಂಬ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಅದನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು, ಕರ್ನಾಟಕದ ಪಾಲಿಗೆ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು ಸಿಕ್ಕವು. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸುವ ಅನುಕೂಲವೂ ಆ ಉಪಗ್ರಹದಲ್ಲಿತ್ತು. ಈ ಕನಸು ಕಂಡಿದ್ದ ವಿಕ್ರಂ ಸಾರಾಭಾಯಿಯವರು ಅದನ್ನು ನೋಡಲು ಬದುಕಿರಲಿಲ್ಲ, 1971ರಲ್ಲೇ ತೀರಿಕೊಂಡಿದ್ದರು. ವರ್ಷ ಮುಗಿಯಿತು, ಉಪಗ್ರಹ ಹೊರಟುಹೋಯಿತು, ಅತ್ತೆಯ ಊರಿನ ಪೆಟ್ಟಿಗೆ ಮೂಕವಾಯಿತು. ಆಮೇಲೆ ಅದೇನಾಯಿತು ಎಂದು ನಾವು ಯಾರೂ ಕೇಳಲಿಲ್ಲ.

ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. 1991ರಲ್ಲಿ ಗುಜರಾತಿಗೆ ವರ್ಗವಾಯಿತು, ಮೊದಲು ಸೂರತ್. ಹೊರಡುವ ಮುಂಚೆ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡಿದ್ದೆ. ಅವ್ವ ನಸುಕಿನಲ್ಲಿ ಬೀಸುತ್ತ ಹಾಡುವ ಪದಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. "ಕಲ್ಲಿನ ಗದ್ದಲದಾಗ ನನ್ನ ದನಿ ಏನ್ ಕೇಳ್ತದೋ ಯಪ್ಪಾ" ಎಂದು ಅವ್ವ ನಕ್ಕಿದ್ದಳು. ಕಲ್ಲು ನಿಲ್ಲಿಸಿ ಹಾಡು ಎಂದರೆ ಅವಳಿಗೆ ಪದವೇ ನೆನಪಾಗುತ್ತಿರಲಿಲ್ಲ. ಸೂರತ್ತಿನ ಬಾಡಿಗೆ ಕೋಣೆಯಲ್ಲಿ ಒಂದು ಭಾನುವಾರ ಆ ಕ್ಯಾಸೆಟ್ ಹಾಕಿದೆ. ಮನೆ ಒಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆಲಿಸಿ, "ಆ ತೋ ಘಂಟೀ ಛೇ!" ಎಂದು ಖುಷಿಪಟ್ಟರು. ಘಂಟೀ ಎಂದರೆ ಅವರ ಮಾತಿನಲ್ಲಿ ಬೀಸುವ ಕಲ್ಲು. ಪದದ ಒಂದಕ್ಷರವೂ ಅವರಿಗೆ ತಿಳಿಯಲಿಲ್ಲ, ಕಲ್ಲು ಮಾತ್ರ ತಿಳಿಯಿತು.

ಸೂರತ್ತಿನಲ್ಲಿ ನನ್ನ ಕೆಲಸ ಪವರ್‌ಲೂಮ್ ಸಾಲಗಳ ತಪಾಸಣೆ. ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟರೆ ಖಟಾಖಟ್ ಖಟಾಖಟ್ ಎಂಬ ಸದ್ದು ಎದೆಗೆ ಬಡಿಯುತ್ತಿತ್ತು. ಕೆಲಸಗಾರರಲ್ಲಿ ಅನೇಕರು ಒಡಿಶಾದ ಗಂಜಾಂ ಕಡೆಯವರು, ನನ್ನಂತೆಯೇ ಊರು ಬಿಟ್ಟು ಬಂದವರು. ಹನ್ನೆರಡು ತಾಸಿನ ಪಾಳಿ. ಒಳಗೆ ಅವರು ಬಾಯಿಂದ ಮಾತಾಡುತ್ತಿರಲಿಲ್ಲ. ಕೈಸನ್ನೆ, ತುಟಿಯ ಅಲುಗಾಟ, ಅಷ್ಟೇ. ಎಂಟು ತಾಸಿಗೆ 90 ಡೆಸಿಬೆಲ್ ಮೀರಬಾರದು ಎಂದು ಕಾರ್ಖಾನೆ ನಿಯಮ ಹೇಳುತ್ತದೆ. ನನ್ನ ತಪಾಸಣಾ ವರದಿಯಲ್ಲಿ ಮಗ್ಗದ ಸಂಖ್ಯೆ, ನೂಲಿನ ದಾಸ್ತಾನು, ವಿಮೆ ಎಲ್ಲಕ್ಕೂ ಒಂದೊಂದು ಕಲಂ ಇತ್ತು. ಕಿವಿಗೆ ಕಲಂ ಇರಲಿಲ್ಲ, ನಾನೂ ಸೇರಿಸಲಿಲ್ಲ. ಒಂದು ತಾಸು ಒಳಗಿದ್ದು ಬಂದರೆ ರಾತ್ರಿಯವರೆಗೆ ಕಿವಿ ಗುಂಯ್ ಎನ್ನುತ್ತಿತ್ತು. ಇಪ್ಪತ್ತು ವರ್ಷ ಅಲ್ಲೇ ನಿಂತವರ ಗತಿ ಏನು ಎಂದು ಆಗ ಹೊಳೆಯಲಿಲ್ಲ.

ಮುಂದೆ 2000ದಲ್ಲಿ ವಡೋದರಾ. ಇದು ಸಂಗೀತದ ಊರು, ಚಿತ್ರದ ಊರು. ಜತೆಗೆ ನನ್ನ ಕಸುಬಿನ ಊರು ಕೂಡ. ಮೂರನೇ ಸಯಾಜಿರಾವ್ ಗಾಯಕವಾಡರು 1886ರಲ್ಲಿ ಸಂಗೀತ ಶಾಲೆ ತೆರೆದರು, 1908ರಲ್ಲಿ ಬ್ಯಾಂಕ್ ಆಫ್ ಬರೋಡಾ ತೆರೆದರು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಅದರೊಳಗೆ ಸೇರಿಹೋಯಿತು. ಆದರೆ ಕನ್ನಡ ನಾಡಿಗೂ ಬರೋಡಾಕ್ಕೂ ಸಂಗೀತದ ಲೇವಾದೇವಿ ಬ್ಯಾಂಕಿಗಿಂತ ಹಳೆಯದು.

ಆ ಶಾಲೆಯ ಮೊದಲ ಗುರು ಮೌಲಾಬಕ್ಷ್. ಅವರು ಮೈಸೂರು ಆಸ್ಥಾನಕ್ಕೆ ಬಂದು ಕರ್ನಾಟಕ ಸಂಗೀತವನ್ನೂ ಕಲಿತು ಹೋದವರು. ಹಾಡನ್ನು ಕಾಗದದ ಮೇಲೆ ಬರೆದಿಡಲು ಸ್ವರಲಿಪಿಯೊಂದನ್ನು ರೂಪಿಸಿದರು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಮಾತ್ರ ಹೋಗುತ್ತಿದ್ದುದನ್ನು ಕಾಗದಕ್ಕೆ ಇಳಿಸುವುದು ಆ ಕಾಲಕ್ಕೆ ಒಂದು ಹೊಸ ಯಂತ್ರವಿದ್ದಂತೆಯೇ. ಅದೇ ಆಸ್ಥಾನದಲ್ಲಿ ಕೆಲವು ವರ್ಷ ಇದ್ದ ಕಿರಾನಾದ ಅಬ್ದುಲ್ ಕರೀಂ ಖಾನರು ತಾರಾಬಾಯಿ ಮಾನೆಯವರೊಂದಿಗೆ ಬರೋಡಾ ಬಿಟ್ಟರು. ಮುಂದೆ ಮೀರಜಿನಲ್ಲಿ ನೆಲೆ ನಿಂತರು. ಅವರ ಮಗಳು ಹೀರಾಬಾಯಿ ಬಡೋದೇಕರರ ಹೆಸರಿನಲ್ಲೇ ಬಡೋದೆ ಉಳಿದುಕೊಂಡಿದೆ. ಖಾನರಿಗೆ ಕುಂದಗೋಳದ ರಾಮಭಾವು ಶಿಷ್ಯರಾದರು, ಅವರೇ ಸವಾಯಿ ಗಂಧರ್ವರು. ಅವರಿಗೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಶಿಷ್ಯರಾದರು. ಗದುಗಿನ ಹುಡುಗ ಭೀಮಸೇನ ಮನೆ ಬಿಟ್ಟು ಓಡಿದ್ದು ಖಾನರ ತಟ್ಟೆ ಕೇಳಿದ ಮೇಲೆ ಎಂಬುದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆ ತಟ್ಟೆಯ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಾಡು ಹಿಡಿಯುತ್ತಿತ್ತು. ಗ್ರಾಮಫೋನು ಸಂಗೀತವನ್ನು ಕೊಂದಿತು ಎಂದು ಗೊಣಗಿದವರೂ ಆಗ ಇದ್ದರು. ಕೇಳುವ ಕಿವಿಯೊಂದು ಇತ್ತು. ಅಷ್ಟರಿಂದಲೇ ಒಂದು ಬದುಕು ತಿರುಗಿತು.

ಬರೋಡಾದ ಇನ್ನೊಬ್ಬ ದೊಡ್ಡ ಗಾಯಕರು ಉಸ್ತಾದ್ ಫೈಯಾಜ್ ಖಾನರು. 'ಆಫ್ತಾಬ್-ಎ-ಮೌಸೀಕಿ', ಸಂಗೀತದ ಸೂರ್ಯ, ಎಂಬ ಬಿರುದು ಕೊಟ್ಟದ್ದು ನಮ್ಮ ಮೈಸೂರಿನ ಮಹಾರಾಜರು. 1950ರಲ್ಲಿ ತೀರಿಕೊಂಡ ಅವರ ಸಮಾಧಿ ಆ ಊರಲ್ಲೇ ಇದೆ. 2002ರ ಗಲಭೆಯಲ್ಲಿ ಅದಕ್ಕೂ ಹಾನಿ ಮಾಡಿದರು. ಕರ್ಫ್ಯೂ ಸಡಿಲಾದ ದಿನ ಶಾಖೆಯ ಜವಾನರು ತಗ್ಗಿದ ದನಿಯಲ್ಲಿ ನನಗೆ ಈ ಸುದ್ದಿ ಹೇಳಿದರು. ಕೌಂಟರಿನ ಈಚೆ ಆಚೆ ಎಲ್ಲರೂ ಪಾಸ್‌ಬುಕ್ಕಿನ ಮಾತಾಡುತ್ತಿದ್ದರು. ನಾನೂ ಏನೂ ಕೇಳಲಿಲ್ಲ. ಹೊರಗಿನಿಂದ ಬಂದವನು, ನಮಗೇಕೆ ಎಂದುಕೊಂಡೆ. ಹೊರನಾಡಿನಲ್ಲಿ ಇರುವವರಿಗೆ ಇದೊಂದು ಅನುಕೂಲದ ನೆಪ. ಇಂದಿಗೂ ಆ ದಿನ ನೆನಪಾದರೆ ನನ್ನ ಮೇಲೆ ನನಗೇ ನಾಚಿಕೆ.

ಶಾಖೆಗೆ ಆಡಿಟ್‌ಗೆ ಬಂದ ಸಿ.ಎ. ಒಬ್ಬರು ಒಮ್ಮೆ, "ನಿಮ್ಮ ನಮ್ಮ ಕಸುಬಿನವರೊಬ್ಬರು ಈ ಊರಲ್ಲಿ ದೊಡ್ಡ ಚಿತ್ರಕಾರರು ಗೊತ್ತೇ?" ಎಂದರು. ಅವರು ಹೇಳಿದ್ದು ಭೂಪೇನ್ ಖಕ್ಕರ್ ಬಗ್ಗೆ. ಚಾರ್ಟರ್ಡ್ ಅಕೌಂಟೆಂಟ್ ಆಗಿ ಲೆಕ್ಕ ಬರೆದುಕೊಂಡೇ ಚಿತ್ರ ಬರೆದವರು, 2003ರಲ್ಲಿ ತೀರಿಕೊಂಡರು. ಅವರು ಬರೆದದ್ದು ಯಾರನ್ನು? ಗಡಿಯಾರ ರಿಪೇರಿಯವನನ್ನು, ಕ್ಷೌರದ ಅಂಗಡಿಯನ್ನು. ನಾವು ದಿನಾ ನೋಡಿಯೂ ನೋಡದವರನ್ನು. 2016ರಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ನಡೆಯಿತು. ಸಿ.ಎ. ಮಾತು ಕೇಳಿದ ಮೇಲೆ ನಾನು ಫೈನ್ ಆರ್ಟ್ಸ್ ಕಾಲೇಜಿನ ವಾರ್ಷಿಕ ಪ್ರದರ್ಶನಗಳಿಗೆ ಹೋಗತೊಡಗಿದೆ. ನಮ್ಮ ಪುಷ್ಪಮಾಲಾ, ಮೈಸೂರಿನ ಎನ್.ಎಸ್. ಹರ್ಷ ಕಲಿತ ಜಾಗ ಅದು. ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ಆದರೂ ನಿಂತು ನೋಡುವುದನ್ನು ಕಲಿತೆ.

ಕಡೆಗೆ 2016ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ ಹೆಸರು ಕೇಳಿದ ಅಹಮದಾಬಾದಿಗೇ ಬಂದೆ, ಅಲ್ಲೇ ನಿವೃತ್ತನಾದೆ. ಪಾಲ್ಡಿಯಲ್ಲಿ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ, 1961ರಲ್ಲಿ ಶುರುವಾದದ್ದು. ಆರು ವರ್ಷ ಅದರ ಗೇಟಿನ ಮುಂದೆಯೇ ಶಾಖೆಗೆ ಓಡಾಡಿದೆ. ಒಳಗೆ ಏನಿದೆ ಎಂದು ತಿಳಿದದ್ದು ನಿವೃತ್ತಿಯಾದ ಮೇಲೆ, 2023ರಲ್ಲಿ, ಮಗನ ಮೊಬೈಲಿನಿಂದ.

ಕಥೆ 1946ರಿಂದ ಹಿಡಿಯಬೇಕು. ವಿಕ್ರಂ ಸಾರಾಭಾಯಿಯವರ ತಂಗಿ ಗೀತಾಬೆನ್ ಪಖವಾಜ್ ಕಲಿತವರು. ಪಾಶ್ಚಾತ್ಯ ಸಂಗೀತ ನಮ್ಮ ಸಂಗೀತದ ಮೇಲೆ ಏನು ಮಾಡೀತು ಎಂದು ತಿಳಿಯಲು ನ್ಯೂಯಾರ್ಕಿಗೆ ಹೋದರು. ಅಲ್ಲಿ ಜಾನ್ ಕೇಜ್ ಎಂಬ ಸಂಯೋಜಕ ಶುಲ್ಕವಿಲ್ಲದೆ ಅವರಿಗೆ ಪಾಠ ಹೇಳಿದ. ಬದಲಿಗೆ ಗೀತಾಬೆನ್ ಅವನಿಗೆ ಭಾರತೀಯ ಸಂಗೀತ ಹೇಳಿಕೊಟ್ಟರು. ಸಂಗೀತ ಯಾತಕ್ಕೆ ಎಂದು ಅವನು ಕೇಳಿದಾಗ, ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆಯುವುದಕ್ಕೆ ಎಂದು ತಮ್ಮ ಗುರುಗಳ ಮಾತನ್ನು ತಿಳಿಸಿದರಂತೆ. ಆ ಮಾತನ್ನು ಅವನು ಜೀವನಪೂರ್ತಿ ನೆನೆದ. 1952ರಲ್ಲಿ ಅವನು ಮಾಡಿದ ಕೃತಿಯೊಂದರಲ್ಲಿ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ವಾದಕ ಏನೂ ನುಡಿಸುವುದಿಲ್ಲ. ಆ ಹೊತ್ತಿನಲ್ಲಿ ಕೇಳಿಸುವ ಕೆಮ್ಮು, ಗಾಳಿ, ಮಳೆ ಎಲ್ಲವೂ ಸಂಗೀತವೇ ಎಂಬುದು ಅವನ ವಾದ.

ಕೇಜ್‌ನ ಜತೆಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು ಎನ್‌ಐಡಿಯಲ್ಲಿ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಸ್ಥಾಪಿಸಿದ. ಅಲ್ಲಿ ಇಟ್ಟದ್ದು ಮೂಗ್ ಸಿಂಥಸೈಜರ್. ನೋಡಲು ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಂತೆ, ತುಂಬ ಗುಬಟು, ತುಂಬ ತಂತಿ. ವೋಲ್ಟೇಜ್ ಏರಿಸಿದರೆ ಸ್ವರ ಏರುತ್ತದೆ. ಫಿಲ್ಟರ್ ತಿರುಗಿಸಿದರೆ ಧ್ವನಿಯ ಒಂದು ಭಾಗ ಕತ್ತರಿಸಿ ಹೋಗುತ್ತದೆ. ಗೀತಾಬೆನ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅದರ ಮೇಲೆ ಕೆಲಸ ಮಾಡಿದರು. 'ಸ್ಪೇಸ್ ಲೈನರ್ 2001' ಎಂಬ ಹೆಸರಿನದೂ ಇದೆ, 1970ರ ಒಸಾಕಾ ಎಕ್ಸ್‌ಪೋಗೆಂದು ಮಾಡಿದ್ದೂ ಇದೆ. ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು, ಟೇಪುಗಳು ದಫ್ತರಿನ ಪಾಲಾದವು. ನಾಲ್ಕು ದಶಕ ದಾಟಿದ ಮೇಲೆ ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವನ್ನು ಹುಡುಕಿ ತೆಗೆದರು. 1969ರಿಂದ 1972ರವರೆಗಿನ ಆಯ್ದ ಧ್ವನಿಗಳು 2023ರಲ್ಲಿ ಆಲ್ಬಮ್ ಆಗಿ ಹೊರಬಂದವು.

ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತೇವೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ನಾವು ಸಿಬ್ಬಂದಿ 'ಡೆಫ್ ಫಂಡ್' ಎನ್ನುತ್ತೇವೆ, ಕಿವುಡು ನಿಧಿ ಎಂದು ನಗುತ್ತೇವೆ. ಆದರೆ ಅಲ್ಲಿಗೆ ಹೋದ ಹಣ ಸಾಯುವುದಿಲ್ಲ. ಹಕ್ಕಿನವರು ಬಂದು ಕೇಳಿದರೆ ಕೊಡಲೇಬೇಕು. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತು ಎರಡೂ ಕೆಲಸ ಮಾಡುತ್ತದೆ, ಆಲಿಸುವುದಕ್ಕೂ ಅದೇ, ವಿಚಾರಿಸುವುದಕ್ಕೂ ಅದೇ. ಆ ಟೇಪುಗಳ ಸುದ್ದಿ ಓದಿದ ದಿನ ನನ್ನ ಟ್ರಂಕಿನಲ್ಲಿದ್ದ ಅವ್ವನ ಕ್ಯಾಸೆಟ್ ನೆನಪಾಯಿತು.

ಅಷ್ಟರಲ್ಲಿ ನನ್ನ ಕಿವಿಯೇ ಕೈಕೊಟ್ಟಿತ್ತು. ಮನೆಯವಳು ಅಡುಗೆಮನೆಯಿಂದ ಹೇಳಿದ್ದರಲ್ಲಿ ಸ, ಶ, ತ ಬಿಟ್ಟು ಉಳಿದದ್ದು ಕೇಳುತ್ತಿತ್ತು. ವಯಸ್ಸಿನ ಕಿವುಡು ಮೇಲಿನ ಕಂಪನಗಳಿಂದ ಶುರುವಾಗುತ್ತದೆ, ಆ ಅಕ್ಷರಗಳು ಇರುವುದೂ ಅಲ್ಲೇ ಎಂದು ಪರೀಕ್ಷಿಸಿದ ಆಡಿಯಾಲಜಿಸ್ಟ್ ತಾಯಿ ಹೇಳಿದರು. ಶ್ರವಣಯಂತ್ರ ಬಂತು. ಅದನ್ನು ಹಾಕಿಕೊಂಡು ಜನವರಿಯಲ್ಲಿ 'ಸಪ್ತಕ'ದ ಕಛೇರಿಗೆ ಹೋದೆ. ನಂದನ್ ಮೆಹ್ತಾ, ಮಂಜು ಮೆಹ್ತಾ ದಂಪತಿ 1980ರಲ್ಲಿ ಕಟ್ಟಿದ ಸಂಸ್ಥೆ ಅದು. ಜನವರಿ 1ರಿಂದ ಹದಿಮೂರು ರಾತ್ರಿ ಸಂಗೀತ. ತಂಬೂರಿ ಶುರುವಾಯಿತು. ನನ್ನ ಕಿವಿಯಲ್ಲಿ ಮಾತ್ರ ಅದು ನೀರೊಳಗಿನಿಂದ ಬಂದಂತೆ ನಡುಗುತ್ತಿತ್ತು. ಅಕ್ಕಪಕ್ಕದವರು ಕಣ್ಣು ಮುಚ್ಚಿ ತೂಗುತ್ತಿದ್ದರು. ನಾನು ಅರ್ಧಕ್ಕೆ ಎದ್ದು ಬಂದೆ.

ಆ ತಾಯಿ ಕಾರಣ ಬಿಡಿಸಿ ಹೇಳಿದರು. ಯಂತ್ರದ ಮೈಕೂ ಸ್ಪೀಕರೂ ಒಂದೇ ಕಿವಿಯಲ್ಲಿರುವುದರಿಂದ ಶಿಳ್ಳೆ ಏಳುವ ಭಯವಿದೆ. ಹಾಗಾಗಿ ಒಂದೇ ಸ್ವರ ಉದ್ದಕ್ಕೆ ನಿಂತರೆ ಅದನ್ನು ಶಿಳ್ಳೆ ಎಂದು ತಿಳಿದು ಯಂತ್ರ ಅಳಿಸಲು ಹೋಗುತ್ತದೆ. ಎಡೆಬಿಡದೆ ಒಂದೇ ಸಮ ಬರುವ ಸದ್ದನ್ನು ಗದ್ದಲ ಎಂದು ತಗ್ಗಿಸುತ್ತದೆ. ಮಾತಿಗೆ ಇದು ಒಳ್ಳೆಯದು, ಸಂಗೀತಕ್ಕೆ ಅಲ್ಲ. "ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡ್ತೀನಿ ಅಂಕಲ್, ಈ ಗುಂಡಿ ಒತ್ತಿ" ಎಂದರು.

ಅದೇ ವಾರ ಅವ್ವನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವವರ ಹತ್ತಿರ ಒಯ್ದೆ. ಟೇಪು ಅಲ್ಲಲ್ಲಿ ಸವೆದಿತ್ತು, ಆದರೂ ಉಳಿದಿತ್ತು. ಮನೆಗೆ ತಂದು ಹಾಕಿದೆ. ಅವ್ವನ ದನಿ ಸ್ವಚ್ಛವಾಗಿ ಬಂತು. ಆದರೆ ಏನೋ ಕಡಿಮೆ. ಅವ್ವ ಎಲ್ಲೋ ಆಸ್ಪತ್ರೆಯ ಖಾಲಿ ಕೋಣೆಯಲ್ಲಿ ಕೂತು ಹಾಡಿದಂತಿತ್ತು.

"ಕಲ್ಲಿನ ಸದ್ದು ಎಲ್ಲಿ ಹೋತು?" ಎಂದೆ.

"ಅಷ್ಟ್ ಜೋರಾಗಿ ಬರಾಕತ್ತದ, ನಿಮಗ ಕೇಳವಲ್ದೇನು?" ಎಂದಳು ಮನೆಯವಳು.

ಯಂತ್ರಕ್ಕೆ ಅದು ಗದ್ದಲ. ಗುಂಡಿ ಒತ್ತಿದೆ. ಕಲ್ಲು ಗರಗರ ತಿರುಗತೊಡಗಿತು, ಅವ್ವ ಅದರ ಸುತ್ತಿಗೆ ಸರಿಯಾಗಿ ಪದದ ಮುಂದಿನ ನುಡಿಗೆ ಬಂದಳು. ಸೂರತ್ತಿನ ಆ ಮನೆ ಒಡತಿ ಬಾಗಿಲಲ್ಲಿ ನಿಂತು ಕೇಳಿದ್ದು ಇದನ್ನೇ.