ವಂತಿಗೆ ಎತ್ತಿ ಬಿಡಿಸಿಕೊಂಡ ಉಪಕರಣ

ಗುರುವಿಲ್ಲದೆ ಕಲಿತವರ ಮಾತು ಬಂದಾಗ ನಮಗೆ ಏಕಲವ್ಯನ ನೆನಪಾಗುವುದು ಸಹಜ. ಅವನ ಸಾಧನೆಯನ್ನು ಕೊಂಡಾಡುತ್ತೇವೆ, ಕಳೆದುಹೋದ ಹೆಬ್ಬೆರಳಿಗೆ ಮರುಗುತ್ತೇವೆ. ವಿದ್ಯೆ ಅವನದೇ ಆಗಿದ್ದರೂ ಅದನ್ನು ಪ್ರಯೋಗಿಸುವ ಸಾಧನ ಮತ್ತೊಬ್ಬರ ಒಂದು ಮಾತಿಗೆ ಅಧೀನವಾಗಿತ್ತು ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಮೂರು ಆಯಾಮದ ಗಣಕಚಿತ್ರಗಳನ್ನು ತಾವಾಗಿ ಕಲಿತು ರಚಿಸಿದ ಹವ್ಯಾಸಿಗಳ ಚರಿತ್ರೆಯಲ್ಲಿ ಈ ಪ್ರಶ್ನೆಯೇ ಮುಖ್ಯವಾದದ್ದು. ಉಪಕರಣ ಯಾರ ಕೈಯಲ್ಲಿದೆ?

ಈ ಕಲೆಯ ಮೂಲಪದಗಳು ಕನ್ನಡ ಶಾಲೆಯಲ್ಲಿ ಓದಿದವರಿಗೆ ಹೊಸವಲ್ಲ. ರೇಖಾಗಣಿತದ ಪಾಠದ ಶೃಂಗ, ಅಂಚು, ಮುಖಗಳೇ ಇಲ್ಲಿಯ ಅಕ್ಷರಮಾಲೆ. ಶೃಂಗಗಳನ್ನು ಗುರುತಿಸಿ, ಅವನ್ನು ಅಂಚುಗಳಿಂದ ಜೋಡಿಸಿ, ಅಂಚುಗಳ ನಡುವೆ ಮುಖಗಳನ್ನು ಹೊದಿಸಿದರೆ ಆಕೃತಿ ಸಿದ್ಧವಾಗುತ್ತದೆ. ಅದಕ್ಕೆ ಬಣ್ಣವನ್ನೂ ಮೈಯ ನಯ ಒರಟುಗಳನ್ನೂ ಕೊಟ್ಟು, ದೀಪವೊಂದನ್ನೂ ಕ್ಯಾಮೆರಾವನ್ನೂ ನಿಲ್ಲಿಸಬೇಕು. ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಪ್ರತಿಫಲಿಸುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಮೂಡಿಸುವುದು ಗಣಕದ ಕೆಲಸ. ಈ ಕೊನೆಯ ಹಂತವನ್ನು ರೆಂಡರಿಂಗ್ ಎನ್ನುತ್ತಾರೆ.

1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಮಾರ್ಟಿನ್ ನ್ಯೂವೆಲ್ ಅವರಿಗೆ ಪ್ರಯೋಗಕ್ಕಾಗಿ ಒಂದು ವಸ್ತು ಬೇಕಾಗಿತ್ತು. ಮನೆಯ ಚಹಾ ಪಾತ್ರೆಗಳನ್ನೇ ರಚಿಸಬಾರದೇಕೆ ಎಂದು ಪತ್ನಿ ಸೂಚಿಸಿದರು. ನ್ಯೂವೆಲ್ ಟೀಪಾಟನ್ನು ನೋಡುತ್ತ ಗ್ರಾಫ್ ಹಾಳೆಯ ಮೇಲೆ ಅದರ ವಕ್ರರೇಖೆಗಳನ್ನು ಬರೆದು, ಬಿಂದುಗಳ ಅಂಕಿಗಳನ್ನು ಗಣಕಕ್ಕೆ ಊಡಿಸಿದರು. ಆ ಅಂಕಿಗಳನ್ನು ಬಚ್ಚಿಡದೆ ಇತರರೊಂದಿಗೆ ಹಂಚಿಕೊಂಡದ್ದರಿಂದ, ಬೆಳಕು ನೆರಳುಗಳ ಹೊಸ ವಿಧಾನ ಕಂಡುಹಿಡಿದವರೆಲ್ಲ ಅದನ್ನು ಮೊದಲು ಈ ಟೀಪಾಟಿನ ಮೇಲೆಯೇ ಪರೀಕ್ಷಿಸಿ ನೋಡುವ ವಾಡಿಕೆ ಬೆಳೆಯಿತು. ಮೂಲ ಟೀಪಾಟ್ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಹಂಚಿಕೊಂಡು ಕಲಿಯುವ ಪದ್ಧತಿ ಹೀಗೆ ಈ ಕಲೆಯ ಆರಂಭದಿಂದಲೇ ಜೊತೆಗಿತ್ತು.

ಆದರೆ ಆಗ ಗಣಕಗಳಿದ್ದುದು ವಿಶ್ವವಿದ್ಯಾಲಯಗಳಲ್ಲಿ ಮತ್ತು ದೊಡ್ಡ ಸಂಸ್ಥೆಗಳಲ್ಲಿ. ಬೆಳಕಿನ ಕಿರಣದ ಜಾಡು ಹಿಡಿದು ಪ್ರತಿಬಿಂಬ, ವಕ್ರೀಭವನಗಳನ್ನು ಮೂಡಿಸುವ ವಿಧಾನವನ್ನು ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದಾಗ, ಬೆಲ್ ಲ್ಯಾಬ್ಸ್‌ನಂಥ ಸಂಸ್ಥೆಯ ಗಣಕಕ್ಕೂ ಒಂದು ಚಿತ್ರಕ್ಕೆ ಗಂಟೆಗೂ ಮಿಕ್ಕಿದ ಕಾಲ ಬೇಕಾಗುತ್ತಿತ್ತು. ಈ ವಿದ್ಯೆ ಸಾಮಾನ್ಯರ ಮನೆಯೊಳಗೆ ಬಂದದ್ದು ಅಮಿಗಾ ಎಂಬ ಅಗ್ಗದ ಗಣಕದ ಮೂಲಕ. 1986ರಲ್ಲಿ ಎರಿಕ್ ಗ್ರಹಾಂ ಎಂಬವರು ಕನ್ನಡಿಯಂಥ ಗೋಲಗಳನ್ನು ಚಿಮ್ಮಿಸಿ ಹಿಡಿಯುವ ಬೊಂಬೆಯೊಂದನ್ನು ಅದರಲ್ಲಿ ರಚಿಸಿದರು. ಇದ್ದದ್ದು 24 ಚೌಕಟ್ಟುಗಳು. ಒಂದೊಂದಕ್ಕೂ ಸುಮಾರು ಒಂದು ಗಂಟೆಯ ಲೆಕ್ಕಾಚಾರ. ಮನೆಯ ಮೇಜಿನ ಮೇಲೂ ಇದು ಸಾಧ್ಯ ಎಂಬುದನ್ನು ಆ ಬೊಂಬೆ ಲೋಕಕ್ಕೆ ತೋರಿಸಿತು.

1991ರ ಹೊತ್ತಿಗೆ, ಡೇವಿಡ್ ಬಕ್ ಅವರ ಡಿಕೆಬಿಟ್ರೇಸ್ ತಂತ್ರಾಂಶವನ್ನು ಆಧರಿಸಿ ಹವ್ಯಾಸಿಗಳ ಗುಂಪೊಂದು ಪಾವ್‌ರೇ ಎಂಬ ಉಚಿತ ತಂತ್ರಾಂಶವನ್ನು ಕಟ್ಟಿತು. ಅದರಲ್ಲಿ ಚಿತ್ರವನ್ನು ಕೈಯಿಂದ ಬಿಡಿಸುವುದಿಲ್ಲ, ಬರೆಯಬೇಕು. ಗೋಲದ ಕೇಂದ್ರ ಇಲ್ಲಿದೆ, ತ್ರಿಜ್ಯ ಇಷ್ಟು, ಬಣ್ಣ ಇಂಥದ್ದು ಎಂದು ಪಠ್ಯದಲ್ಲಿ ವಿವರಿಸಿ, ಗಣಕವನ್ನು ರಾತ್ರಿಯಿಡೀ ಓಡಲು ಬಿಟ್ಟು, ಬೆಳಗ್ಗೆ ಎದ್ದು ಫಲವನ್ನು ನೋಡುವುದು. ಚಿತ್ರವೇ ಒಂದು ಬರಹವಾದ್ದರಿಂದ ಒಬ್ಬರ ಚಿತ್ರವನ್ನು ಮತ್ತೊಬ್ಬರು ಓದಿ ಕಲಿಯಬಹುದಾಗಿತ್ತು.

ಈ ಚರಿತ್ರೆಯ ನಿರ್ಣಾಯಕ ಅಧ್ಯಾಯ ನೆದರ್ಲೆಂಡ್ಸ್‌ಗೆ ಸೇರಿದ್ದು. ಟಾನ್ ರೂಸೆಂಡಾಲ್ ಅವರೂ ಅಮಿಗಾದಲ್ಲಿಯೇ ರೆಂಡರಿಂಗ್ ತಂತ್ರಾಂಶ ಬರೆದು ಪಳಗಿದವರು. ನಿಯೋಜಿಯೋ ಎಂಬ ತಮ್ಮ ಅನಿಮೇಷನ್ ಸ್ಟುಡಿಯೋದ ಒಳಬಳಕೆಗಾಗಿ ಅವರು 1994ರಲ್ಲಿ ಬ್ಲೆಂಡರ್ ತಂತ್ರಾಂಶದ ರಚನೆಗೆ ತೊಡಗಿದರು. 1998ರಲ್ಲಿ ಅದನ್ನು ಬೆಳೆಸಲೆಂದೇ ನಾಟ್ ಎ ನಂಬರ್ ಎಂಬ ಕಂಪನಿ ಹುಟ್ಟಿತು. ವೃತ್ತಿಪರ ತಂತ್ರಾಂಶಗಳು ಬಹಳ ದುಬಾರಿಯಾಗಿದ್ದ ಕಾಲದಲ್ಲಿ ಬ್ಲೆಂಡರ್ ಉಚಿತವಾಗಿ ದೊರೆಯಿತು, ಬಳಕೆದಾರರು ಹೆಚ್ಚಿದರು. ಆಕರ ಸಂಕೇತ ಮಾತ್ರ ಕಂಪನಿಯ ಬಳಿಯೇ ಉಳಿಯಿತು.

ನಿರೀಕ್ಷಿತ ಆದಾಯ ಬರದೆ 2002ರ ಆರಂಭದಲ್ಲಿ ಹೂಡಿಕೆದಾರರು ಕಂಪನಿಯನ್ನು ಮುಚ್ಚಿದರು. ಉಚಿತವೆಂಬುದೂ ಸ್ವಂತದ್ದೆಂಬುದೂ ಒಂದೇ ಅಲ್ಲವೆಂದು ಹವ್ಯಾಸಿಗಳಿಗೆ ಅರಿವಾದದ್ದು ಆಗಲೇ. ವರ್ಷಗಟ್ಟಲೆ ರಾತ್ರಿಗಳನ್ನು ಸವೆಸಿ ಕಲಿತ ವಿದ್ಯೆ ಆ ಒಂದು ತಂತ್ರಾಂಶಕ್ಕೆ ಕಟ್ಟುಬಿದ್ದಿತ್ತು. ಅದನ್ನು ತಿದ್ದಲು, ಹೊಸ ಯಂತ್ರಗಳಿಗೆ ಹೊಂದಿಸಲು ಯಾರಿಗೂ ಹಕ್ಕಿರಲಿಲ್ಲ. ಹೆಬ್ಬೆರಳು ಹೋಗುವ ಕ್ಷಣ ಎಂದರೆ ಇದೇ.

ರೂಸೆಂಡಾಲ್ ಹೂಡಿಕೆದಾರರೊಡನೆ ಮಾತುಕತೆ ನಡೆಸಿ, 1 ಲಕ್ಷ ಯೂರೋ ಕೊಟ್ಟರೆ ಆಕರ ಸಂಕೇತವನ್ನು ಮುಕ್ತಗೊಳಿಸಬಹುದೆಂಬ ಒಪ್ಪಂದಕ್ಕೆ ಬಂದರು. 2002ರ ಜುಲೈಯಲ್ಲಿ ಬ್ಲೆಂಡರ್ ಫೌಂಡೇಶನ್ ಬಳಕೆದಾರರ ಮುಂದೆ ವಂತಿಗೆಯ ಬುಟ್ಟಿ ಹಿಡಿಯಿತು. ಜನರಿಂದ ಅಂತರ್ಜಾಲದಲ್ಲಿ ಹಣ ಸಂಗ್ರಹಿಸುವ ಈಗಿನ ಏರ್ಪಾಡುಗಳು ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಆದರೂ ಏಳು ವಾರಗಳಲ್ಲಿ ಆ ಮೊತ್ತ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಗ್ನೂ ಸಾರ್ವಜನಿಕ ಪರವಾನಗಿಯಡಿ ಬಿಡುಗಡೆಯಾಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ದಾಟಿಸಬೇಕು ಎಂಬುದು ಆ ಪರವಾನಗಿಯ ತಿರುಳು. ಈ ಕರಾರು ಇರುವವರೆಗೆ ಯಾವ ಕಂಪನಿ ಮುಚ್ಚಿದರೂ ಉಪಕರಣ ಕೈತಪ್ಪುವುದಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 2006ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಣ್ಣ ತಂಡವೊಂದು ಎಲಿಫೆಂಟ್ಸ್ ಡ್ರೀಮ್ ಎಂಬ ಕಿರುಚಿತ್ರವನ್ನು ಬ್ಲೆಂಡರಿನಲ್ಲಿ ರಚಿಸಿ, ಅದರ ನಿರ್ಮಾಣದ ಕಡತಗಳನ್ನೂ ಸಾರ್ವಜನಿಕರಿಗೆ ಕೊಟ್ಟಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಪ್ರೈಸ್ ಅವರು ಡೋನಟ್ ಒಂದನ್ನು ರಚಿಸುವ ಪಾಠವನ್ನು ವೀಡಿಯೋಗಳಲ್ಲಿ ಕಲಿಸಿದರು. ಅಸಂಖ್ಯ ಹವ್ಯಾಸಿಗಳ ಮೊದಲ ಕೃತಿ ಆ ಡೋನಟ್. ಹಿಂದೆ ಟೀಪಾಟ್, ಈಗ ಡೋನಟ್: ಮೊದಲ ಪಾಠ ಅಡುಗೆಮನೆಯಿಂದ ಹೊರಗೆ ಹೋಗಲೇ ಇಲ್ಲ!

ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋದಿಸ್ ಚಲನಚಿತ್ರ ಶಾಲೆಗೆ ಹೋಗದೆ ಕಲಿತವರು. 2019ರಲ್ಲಿ ತೆರೆಕಂಡ ಅವೇ ಎಂಬ 75 ನಿಮಿಷಗಳ ಚಿತ್ರವನ್ನು ಒಬ್ಬರೇ ರಚಿಸಿದ್ದರು. ಅನಂತರ ತಂಡ ಕಟ್ಟಿಕೊಂಡು ಬ್ಲೆಂಡರಿನಲ್ಲಿ ಮಾಡಿದ ಫ್ಲೋ ಚಿತ್ರಕ್ಕೆ 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಅದು ಲಾಟ್ವಿಯಾಕ್ಕೆ ದೊರೆತ ಮೊದಲ ಆಸ್ಕರ್. ಜಲಪ್ರಳಯದಲ್ಲಿ ಸಿಕ್ಕ ಬೆಕ್ಕಿನ ಆ ಕಥೆಯಲ್ಲಿ ಒಂದು ಮಾತೂ ಇಲ್ಲ. 2002ರಲ್ಲಿ ವಂತಿಗೆ ಕೊಟ್ಟವರು ಇಂಥದ್ದನ್ನು ಊಹಿಸಿರಲಾರರು. ಅವರು ತಮ್ಮ ಕೈಯ ಉಪಕರಣ ಉಳಿಯಲಿ ಎಂದಷ್ಟೇ ಕೊಟ್ಟರು.

ವಂತಿಗೆಯ ಬೆಲೆಯನ್ನು ಹೊರನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮುಂಬಯಿ, ದೆಹಲಿ, ಚೆನ್ನೈಗಳಲ್ಲಿ ನಮ್ಮ ಸಂಘಗಳೂ ವಾಚನಾಲಯಗಳೂ ನಿಂತದ್ದು ಅಂಥದೇ ಪುಡಿಗಾಸಿನ ಮೇಲೆ. ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳು ಅಕ್ಷರ ಕಲಿತದ್ದು ಅಂಥ ಕಡೆಗಳಲ್ಲಿ. ತಾನಾಗಿ ಕಲಿತೆ ಎನ್ನುವವನ ಹಿಂದೆಯೂ ಪುಸ್ತಕ ತಂದಿಟ್ಟವರು, ಬಾಗಿಲು ತೆರೆದಿಟ್ಟವರು ಇರುತ್ತಾರೆ. ಮುಂಬಯಿಯ ಪವಾಯಿಯಲ್ಲಿರುವ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳ ಸಾಲಿನಲ್ಲಿ ಬ್ಲೆಂಡರನ್ನೂ ಸೇರಿಸಿಕೊಂಡಿದೆ. ಶೃಂಗ, ಅಂಚು, ಮುಖ ಎಂಬ ಪದಗಳು ನಮ್ಮಲ್ಲಿ ಆಗಲೇ ಇವೆ. ಅವುಗಳಿಂದ ಮೊದಲ ಪಾಠವೊಂದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲು ನಮ್ಮ ಸಂಘಗಳ ಭಾನುವಾರದ ತರಗತಿಗಳಲ್ಲಿ ಒಂದು ಗಂಟೆ ತೆಗೆದಿಟ್ಟರೆ ಸಾಕು. ಉಪಕರಣಕ್ಕೆ ಕೊಡಬೇಕಾದ ಹಣವನ್ನು ಬೇರೆಯವರು ಎಂದೋ ಕೊಟ್ಟಾಗಿದೆ.