ಸೀಗೆ: ಮೆಳೆಯಿಂದ ಪೊಟ್ಟಣಕ್ಕೆ

ಕನ್ನಡದಲ್ಲಿ ‘ಸೀಗೆ’ ಎಂಬುದು ಮೊದಲಿಗೆ ತಲೆಗೆ ತಿಕ್ಕುವ ಪುಡಿಯ ಹೆಸರಲ್ಲ. ಬಾಗಿದ ಮುಳ್ಳುಗಳಿಂದ ಮರವನ್ನೋ ಬೇಲಿಯನ್ನೋ ಹಿಡಿದು ಏರುವ, ಸೆರಗಿಗೆ ಸಿಕ್ಕಿದರೆ ಸುಲಭಕ್ಕೆ ಬಿಡದ ಬಳ್ಳಿಯೊಂದರ ಹೆಸರು. ಸೀಗೆಮೆಳೆ, ಸೀಗೆಮುಳ್ಳು ಎಂಬ ಸಮಾಸಗಳಲ್ಲಿ ಈ ಒರಟು ಅರ್ಥವೇ ಉಳಿದಿದೆ; ಅದರ ಹುಳಿಚಿಗುರನ್ನು ಚಟ್ನಿಗೆ ಅರೆಯುವವರಿಗೆ ಸೀಗೆ ಒಂದು ಸೊಪ್ಪು. ಬೆಂಗಳೂರಿನ ಅಂಚಿನ ಸೀಗೆಹಳ್ಳಿಯಂಥ ಊರಹೆಸರುಗಳ ಹಿಂದೆಯೂ ಈ ಮೆಳೆಯೇ ಇದ್ದಿರಬೇಕು. ಆದರೆ ಆಶ್ವೀಜದ ಶೀಗಿ ಹುಣ್ಣಿಮೆಯನ್ನು, ಉಚ್ಚಾರ ಹೊಂದುತ್ತದೆಂಬ ಒಂದೇ ಕಾರಣಕ್ಕೆ ಈ ಬಳ್ಳಿಗೆ ಕಟ್ಟುವುದು ಆತುರವಾದೀತು.

ಬಚ್ಚಲಿಗೆ ಬಂದಾಗ ಪದದ ಅರ್ಥ ಕಾಯಿಗೆ ಕಿರಿದಾಗುತ್ತದೆ. ಒಣಗಿದ ಕಂದು ಕಾಯಿಯಲ್ಲಿ ಸಪೊನಿನ್ ಎಂಬ, ನೀರಿನಲ್ಲಿ ನೊರೆಯೆಬ್ಬಿಸಿ ಜಿಡ್ಡನ್ನು ಬಿಡಿಸುವ ಸಸ್ಯದ್ರವ್ಯವಿದೆ. ಅಂಟುವಾಳದ ನೊರೆಗೂ ಕಾರಣ ಇದೇ. ಹರಳೆಣ್ಣೆ ಹಚ್ಚಿ ನೆನೆದ ತಲೆಗೆ ಗಂಜಿತಿಳಿಯಲ್ಲಿ ಕಲಸಿದ ಸೀಗೆಪುಡಿಯನ್ನು, ಹಳೆ ಮೈಸೂರಿನ ಕಡೆ ಅದರೊಂದಿಗೆ ತಂಪಿಗೆಂದು ಚಿಗರೆಪುಡಿಯನ್ನೂ ಸೇರಿಸಿ ತಿಕ್ಕುವುದು ರೂಢಿ. ಕಣ್ಣಿಗೆ ಬಿದ್ದರೆ ಆಗುವ ಉರಿಯನ್ನು ಮಾತ್ರ ಸೀಗೆಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಮರೆತಿರುತ್ತಾರೆ. ಮಲೆನಾಡಿನಲ್ಲಿ ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆಯಿಂದಲೂ ತಲೆ ತೊಳೆಯುತ್ತಾರಾದರೂ ಅದಕ್ಕೆ ‘ಗೊಂಪು’ ಎಂಬ ಸ್ವಂತ ಹೆಸರಿದೆ. ತಲೆ ತೊಳೆಯುವ ವಸ್ತುಗಳಿಗೆಲ್ಲ ‘ಸೀಗೆ’ ಸಾಮಾನ್ಯನಾಮವಾಗಲಿಲ್ಲ.

ಸಸ್ಯಶಾಸ್ತ್ರ ಈ ಬಳ್ಳಿಯನ್ನು ಬಹುಕಾಲ ‘ಅಕೇಶಿಯ ಕಾನ್ಸಿನ್ನ’ ಎಂದಿತು; ಲ್ಯಾಟಿನ್ನಿನ ಆ ವಿಶೇಷಣಕ್ಕೆ ‘ಓರಣವಾದದ್ದು’ ಎಂದರ್ಥ. ಈಚಿನ ‘ಸೆನೆಗೇಲಿಯ ರುಗೇಟ’ದಲ್ಲಿ ಅದು ‘ಸುಕ್ಕುಗಟ್ಟಿದ್ದು’ ಎಂದಾಗಿದ್ದು, ಒಣಕಾಯಿಯನ್ನು ಕೈಯಲ್ಲಿ ಹಿಡಿದವರಿಗೆ ಎರಡನೆಯದೇ ಒಪ್ಪುತ್ತದೆ.

ತಮಿಳಿನ ಸೀಯಕ್ಕಾಯ್, ತೆಲುಗಿನ ಶೀಕಾಯ, ಕನ್ನಡದ ಸೀಗೆಕಾಯಿ ಒಂದೇ ನಂಟಿನ ರೂಪಗಳು. ಇಂಥ ದಕ್ಷಿಣದ ರೂಪದಿಂದ ಹಿಂದಿಗೆ ಹೋದ ‘ಶಿಕಾಕಾಯಿ’ಯಲ್ಲಿ ನಮ್ಮ ‘ಕಾಯಿ’ ಹಾಗೆಯೇ ಅಂಟಿಕೊಂಡಿದ್ದರೂ ಅಲ್ಲಿ ಅದಕ್ಕೆ ಬಿಡಿಯಾಗಿ ಅರ್ಥವಿಲ್ಲ. ಅದೇ ರೂಪ ಪೊಟ್ಟಣಗಳ ಮೇಲೆ ಕರ್ನಾಟಕಕ್ಕೆ ಬಂದಿರುವುದರಿಂದ, ಗ್ರಂಧಿಗೆ ಅಂಗಡಿಯಲ್ಲಿ ಸೀಗೆಕಾಯಿ ಎಂದು ಕೇಳುವವರೇ ಪಕ್ಕದ ಅಂಗಡಿಯಲ್ಲಿ ‘ಶಿಕಾಕಾಯಿ ಶಾಂಪೂ’ ಎನ್ನುತ್ತಾರೆ. ಶಾಂಪೂ ಕೂಡ ಹೊರಗೆ ತಿರುಗಿ ಬಂದ ಪದವೇ: ‘ಒತ್ತು, ಅಮುಕು’ ಎಂಬರ್ಥದ ಹಿಂದಿಯ ‘ಚಾಂಪೋ’ ಅದರ ಮೂಲ. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆಸಿದ, 1822ರಲ್ಲಿ ಪುಸ್ತಕವನ್ನೂ ಬರೆದ ‘ಶಾಂಪೂಯಿಂಗ್’ ಎಂದರೆ ಹಬೆಸ್ನಾನದ ಜೊತೆಗೆ ಮೈ ನೀವುವುದು. ಅದಕ್ಕೆ ಕೂದಲು ತೊಳೆಯುವ ಅರ್ಥ ಬಂದದ್ದು ಆಮೇಲೆ.